ತಿಂಡಿ ಹೊತ್ತಿನ ಮಾತು

ಎಡಿನ್‌ಬರೋದ ಮೊರಾಗ್ ಬರೆದ ಮೊದಲ ಕಾದಂಬರಿಯನ್ನು ಪ್ರಕಾಶಕರು ಫೋನಿನಲ್ಲೇ ಬೇಡವೆಂದರು. "ಚೆನ್ನಾಗಿದೆ ಮೇಡಂ, ಆದ್ರೆ ಇದರಲ್ಲಿರೋ ಜೋಕೆಲ್ಲ ನಿಮ್ಮ ಯಜಮಾನ್ರ ಕಾರ್ಟೂನಲ್ಲಿ ಆಗ್ಲೇ ಬಂದುಬಿಟ್ಟಿವೆ. ಜನ ಕದ್ದಿದ್ದು ಅಂತಾರೆ."

ಬರದೆ ಇನ್ನೇನು? ಲೇಖಕರ ಬಗ್ಗೆ, ಪುಸ್ತಕಗಳ ಬಗ್ಗೆ ಅವಳು ತಿಂಡಿ ಹೊತ್ತಿನಲ್ಲಿ ಆಡಿದ್ದನ್ನೆಲ್ಲ ಗಂಡ ಗ್ರೆಗರ್ ಶನಿವಾರದ ಪತ್ರಿಕೆಯ ತನ್ನ ಕಾರ್ಟೂನ್ ಚೌಕಗಳಿಗೆ ತುಂಬುತ್ತಿದ್ದ. ಊರೆಲ್ಲ ಅವನನ್ನು ಹೊಗಳುತ್ತಿತ್ತು. ಗಂಡ ತಾನೇ ಎಂದು ಅವಳೂ ನಗುತ್ತಿದ್ದಳು.

ಓಟ್ಸ್ ಗಂಜಿ ಕಲಕುತ್ತಿದ್ದ ಗ್ರೆಗರ್ ತಲೆಯೆತ್ತಿದ. "ಏನಂತೆ ಕಣೇ?"

"ನನ್ನ ಬಾಯಿಂದ ಬಂದಿದ್ದನ್ನೇ ನಾನು ನಿನ್ನಿಂದ ಕದ್ದೆನಂತೆ."

ಅವನ ಮುಖ ಸಪ್ಪಗಾಯಿತು. "ಛೇ! ನಾನೇ ಅವರ ಹತ್ರ ಮಾತಾಡ್ತೀನಿ, ನೀನು ಸುಮ್ನಿರು," ಎಂದ. ಹಾಗೆನ್ನುತ್ತಲೇ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅವಳಾಡಿದ ಆ ಮಾತನ್ನು ಪೇಪರಿನ ಅಂಚಿನಲ್ಲಿ ಗೀಚಿಕೊಂಡ.