ನಾಲ್ಕನೆಯ ಮೊದಲ ತಪ್ಪು

ಕೂಡ್ಲಿಗಿ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸುಮಲತಾ ವಕೀಲರ ಕಾಗದಪತ್ರ ಟೈಪು ಮಾಡುತ್ತಾಳೆ. 'ರೂಢಿಗತ ಅಪರಾಧಿ' ಎಂಬ ಮಾತು ಅವಳ ಬೆರಳಿಗೆ ಬಾಯಿಪಾಠ. ಕುರಿ ಕದ್ದವನೋ, ಪಂಪ್‌ಸೆಟ್ಟಿನ ಕೇಬಲ್ ಕದ್ದವನೋ, ಹಿಂದೆ ಮತ್ತೆ ಮತ್ತೆ ಶಿಕ್ಷೆಯಾಗಿಯೂ ಬುದ್ಧಿ ಬಾರದವನಿಗೆ ಅದು ಸಲ್ಲುತ್ತದೆ. ತನ್ನ ಗಂಡ ಸೋಮಶೇಖರನಿಗೂ ಅದೇ ಸರಿ ಎಂದು ಅವಳು ವಕೀಲೆ ಅರ್ಚನಾ ಅವರಿಗೆ ಹೇಳಿದ್ದಳು.

"ಹೊಡದಿದ್ದು ನಾಕು ಸಲ, ಖರೆ. ಶಿಕ್ಷಾ ಆಗಿದ್ದು ಎಲ್ಲೈತಿ ಸುಮಾ? ಕಾಗದದ ಮ್ಯಾಲ ನಿನ್ನ ಗಂಡ ತೊಳದ ಮುತ್ತು," ಎಂದಿದ್ದರು ಅರ್ಚನಾ.

ಮುತ್ತನ್ನು ತೊಳೆದವರು ಊರ ಹಿರಿಯರು. ಅವನು ಹೊಡೆದಾಗಲೆಲ್ಲ ಗುಡಿಕಟ್ಟೆಯಲ್ಲಿ ಸೇರುತ್ತಿದ್ದರು. ಅವನು "ತಪ್ಪಾತು" ಎನ್ನಬೇಕು, ಹಿರಿಯ ಅಜ್ಜಯ್ಯ ಅವನ ಹಣೆಗೆ ವಿಭೂತಿ ಹಚ್ಚಬೇಕು, ಎಲ್ಲರೂ ಮಂಡಕ್ಕಿ ಮಿರ್ಚಿ ತಿನ್ನಬೇಕು. ಅಲ್ಲಿಗೆ ತಪ್ಪು ತೀರಿತು. ಆಮೇಲೆ ಅದನ್ನು ಎತ್ತಿದವರದೇ ತಪ್ಪು. ಮೂರನೆಯ ಸಲ ಸುಮಲತಾ ಹಿಂದಿನ ಎರಡನ್ನು ಎತ್ತಿದ್ದಕ್ಕೆ ಕಟ್ಟೆಯ ಮುಂದೆ ತಾನೇ ಕೈಮುಗಿದು ಕ್ಷಮೆ ಕೇಳಬೇಕಾಯಿತು. ಹೊಡೆದವನು ಮಿರ್ಚಿ ಕಡಿಯುತ್ತಿದ್ದ. ತಟ್ಟೆ ಹಂಚಿದವಳೂ ಅವಳೇ. ಅಂದಿನ ಆ ತನ್ನನ್ನು ನೆನೆದರೆ ಅವಳಿಗೆ ಈಗ ಹಿರಿಯರ ಮೇಲಿಗಿಂತ ಹೆಚ್ಚು ಹೇಸಿಗೆ.

ನಾಲ್ಕನೆಯ ಸಲ ಅವಳ ಎಡಗೈ ಮುರಿಯಿತು. ಆಸ್ಪತ್ರೆಯಿಂದ ನೇರ ಠಾಣೆಗೆ ಹೋದಳು. ಇವತ್ತು ಅವಳ ಸಾಕ್ಷಿ. ಹತ್ತು ಗಂಟೆಗೇ ಅಜ್ಜಯ್ಯ ಅಂಗಡಿಗೆ ಬಂದು ಸ್ಟೂಲೆಳೆದು ಕೂತ.

"ಯವ್ವಾ, ಒಂದು ರಾಜಿ ಅರ್ಜಿ ಹೊಡಿ. ನಿನ್ನ ಕೈಲೇ ಆಗ್ಲಿ. ಮೊದಲ್ನೇ ತಪ್ಪು, ಹೊಟ್ಟ್ಯಾಗ ಹಾಕ್ಕೊ."

"ನಾಕನೇದು, ಅಜ್ಜಾರ."

"ನೋಡು, ಮತ್ತ ಕೆದಕಿದಿ! ಹೋದ ಸಲನೂ ಹಿಂಗ ಮಾಡಿದ್ದಿ. ಸೋಮ್ಯಾ ಪ್ರತಿ ಸಲ ತಪ್ಪು ಒಪ್ಪಿಕೊಂಡಾನ. ನೀನು ತಿದ್ದಿಕೊಳ್ಳಾಕಿ ಅಲ್ಲ ಬಿಡು."

ಸುಮಲತಾಗೆ ನಗು ತಡೆಯಲಾಗಲಿಲ್ಲ. ಇವರ ಕಾನೂನಿನಲ್ಲಿ ರೂಢಿಗತ ಅಪರಾಧಿ ತಾನೊಬ್ಬಳೇ!

"ಮೊದಲ್ನೇದು ಅಂತೀರಲ್ಲ, ಹಂಗ ಇರ್ಲಿ. ಆ ಮೊದಲ್ನೇದು ಕಾಗದದ ಮ್ಯಾಲ ಬರ್ಲಿ ಅಂತನ ಬಂದೀನಿ."

"ಕೈಹಿಡದ ಗಂಡಗ ಶಿಕ್ಷಾ ಕೊಡಸ್ತೀಯಾ?"

"ಕೈ ಮುರದ ಗಂಡಗ್ರಿ. ನಿಮ್ಮ ವಿಭೂತಿ ಕಳಸ್ರಿ, ಒಳಗ ಕುಂತು ಹಚ್ಚಿಕೊಳ್ಳಲಿ."

ಅಜ್ಜಯ್ಯ ಟವೆಲು ಕೊಡವಿ ಎದ್ದ. ಅಷ್ಟರಲ್ಲಿ ಕೋರ್ಟಿನ ಜವಾನ ಅವಳ ಹೆಸರು ಕೂಗಿದ.

ಅವಳು ಕಟಕಟೆ ಹತ್ತಿದಳು. ಎದುರಿಗೆ ಸೋಮಶೇಖರ, ಹಣೆತುಂಬ ವಿಭೂತಿ. ಬಾಗಿಲ ಬಳಿ ಅಜ್ಜಯ್ಯ ಕಣ್ಣು ಬಿಟ್ಟುಕೊಂಡು ನಿಂತಿದ್ದ.

"ಇದಕ್ಕೂ ಮೊದಲು ಹೊಡೆದಿದ್ದರೇನಮ್ಮ?" ಎಂದು ಸರ್ಕಾರಿ ವಕೀಲರು ಕೇಳಿದರು.

ಸುಮಲತಾ ಹೌದೆಂದಳು. ಒಂದೊಂದಾಗಿ ಹೇಳಿದಳು. ದೀಪಾವಳಿಯ ಮರುದಿನದ ಏಟು, ತವರಿಂದ ತಡವಾಗಿ ಬಂದದ್ದಕ್ಕೆ ಬಿದ್ದ ಏಟು, ಸಾರಿನ ಉಪ್ಪಿಗೆ ಬಿದ್ದ ಏಟು. ಒಂದನ್ನೂ ಬಿಡದೆ ಕೆದಕಿದಳು.

"ಸ್ವಲ್ಪ ನಿಧಾನ," ಎಂದರು ನ್ಯಾಯಾಧೀಶರು. "ಬರೆದುಕೊಳ್ಳುತ್ತಿದ್ದಾರೆ."

ಸುಮಲತಾ ಉಸಿರೆಳೆದುಕೊಂಡು ದೀಪಾವಳಿಯಿಂದ ಮತ್ತೆ ಶುರುಮಾಡಿದಳು.