ಒಂದು ಪೂರ್ತಿ ಷೇರು

“ಅರ್ಧಕ್ಕೆ ಅರ್ಧ ಸೇರಿಸಿದ್ರೆ ಒಂದಾಗಲ್ವಂತೆ!” ಎಂದು ಆರ್ಡಿಸ್ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

ಗಂಡ ನಾರ್ಬರ್ಟ್ ಕಾಫಿಯಿಂದ ತಲೆಯೆತ್ತಿದ. “ಯಾವ ಶಾಲೆ ಲೆಕ್ಕ ಅದು?”

“ಷೇರಿನ ಲೆಕ್ಕ. ನನ್ನ ಖಾತೇಲಿ ಅರ್ಧಕ್ಕಿಂತ ಚೂರು ಜಾಸ್ತಿ, ನಿನ್ನ ಖಾತೇಲಿ ಚೂರು ಕಮ್ಮಿ. ಬೇರೆ ಬೇರೆ ಹೆಸರಲ್ಲಿದ್ರೆ ಅವು ಎರಡು ತುಂಡು ಅಷ್ಟೇ. ಕಂಪನಿ ಸಭೆಗೆ ಬಿಡಬೇಕಾದ್ರೆ ಒಬ್ಬರ ಹೆಸರಲ್ಲೇ ಪೂರ್ತಿ ಒಂದಿರಬೇಕಂತೆ, ಅದೂ ಈ ಶುಕ್ರವಾರದೊಳಗೆ.”

ಆರುನೂರು ಡಾಲರ್ ಬಾಳುವ ಟ್ರಾಸ್ಕ್ ಕಂಪನಿಯ ಷೇರನ್ನು ಐದೈದು ಡಾಲರಿಗೆ ಚೂರು ಚೂರಾಗಿ ಕೊಳ್ಳಬಹುದೆಂದು ತಿಳಿದ ದಿನ ಇಬ್ಬರೂ ಬೆರಗಾಗಿದ್ದರು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಅವಳು ಸಂಬಳದಲ್ಲಿ, ಅವನು ಪಿಂಚಣಿಯಲ್ಲಿ ಪೈಪೋಟಿಗೆ ಬಿದ್ದು ಕೊಂಡರು. ಅರ್ಧ ಷೇರಿಗೂ ಅರ್ಧ ಲಾಭಾಂಶ ಚಾಚೂ ತಪ್ಪದೆ ಬಂದಾಗ ಆರ್ಡಿಸ್ ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಚೂರಿಗೆ ಓಟಿಲ್ಲ, ಸಭೆಯಲ್ಲಿ ಕುರ್ಚಿಯಿಲ್ಲ ಎಂಬುದು ಮಾತ್ರ ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಅವಳಿಗೆ ಓಟು ಬೇಕಿರಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಸಭೆ ಮುಗಿದ ಮೇಲೆ ಷೇರುದಾರರಿಗೆ ಹಣ್ಣಿನ ಹೂರಣದ ಪೈ ತಿನ್ನಿಸಿ, ಎರಕದ ಮನೆಗೆ ಕರೆದೊಯ್ದು, ಕರಗಿಸಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುವುದನ್ನು ತೋರಿಸುವುದು ಟ್ರಾಸ್ಕ್‌ನವರ ಪದ್ಧತಿ. ನಾರ್ಬರ್ಟ್ ಮೂವತ್ತೊಂದು ವರ್ಷ ಅಲ್ಲಿ ಕಬ್ಬಿಣ ಹೊಯ್ದವನು. ಕೆಲಸಗಾರರ ಹೆಂಡಿರು ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಅವಳ ಪಾಲಿಗೆ ಬಂದದ್ದು ಅವನ ಅಂಗಿಗಳಲ್ಲಿ ಉಳಿಯುತ್ತಿದ್ದ ಸುಟ್ಟ ಮರಳಿನ ವಾಸನೆ ಮಾತ್ರ. ಈ ಮೇ ಕಳೆದರೆ ಆ ಕುಲುಮೆಯನ್ನೇ ಆರಿಸಿಬಿಡುತ್ತಾರೆ.

“ನಂದನ್ನ ನಿನ್ನ ಖಾತೆಗೆ ದಾಟಿಸು.”

“ಚೂರನ್ನ ಹಾಗೆ ದಾಟಿಸೋಕೂ ಬರಲ್ವಂತೆ. ಮಾರ್ಬೇಕು, ಆ ದುಡ್ಡಲ್ಲಿ ನಾನು ಕೊಳ್ಬೇಕು.”

“ಮಾರು ಮತ್ತೆ.”

“ನೀನು ಒಳಗೆ ಬರೋದು ಬೇಡ್ವಾ?”

“ನಾನು ಸಾಕಾಗೋಷ್ಟು ನೋಡಿದೀನಿ ಮಾರಾಯ್ತಿ. ಬಿಟ್ಟಿ ಪೈ ಒಂದು ತಪ್ಪುತ್ತೆ, ಅಷ್ಟೇ.”

ಮಾರಿ, ದುಡ್ಡು ಕೈಗೆ ಬಂದು, ಮತ್ತೆ ಕೊಳ್ಳುವಷ್ಟರಲ್ಲಿ ಬೆಲೆ ಜಿಗಿದಿತ್ತು. ಪೂರ್ತಿ ಒಂದು ಷೇರಿಗೆ ನೂರರಲ್ಲೊಂದು ಪಾಲು ಕಡಿಮೆ ಬಿತ್ತು. ಆರ್ಡಿಸ್‌ಳ ಮುಖ ಸಪ್ಪಗಾದದ್ದು ನೋಡಿ ನಾರ್ಬರ್ಟ್ ಜೇಬಿನಿಂದ ಏಳು ಡಾಲರ್ ತೆಗೆದು ಮೇಜಿನ ಮೇಲಿಟ್ಟ. “ಚೂರು ತಾನೇ ಬೇಕಿರೋದು? ಚೂರೇ ಕೊಂಡ್ಕೋ.” ಪರದೆಯ ಮೇಲೆ ‘ಒಂದು’ ಎಂದು ಮೂಡಿದಾಗ, ಹುಟ್ಟಿದ ಮಗುವನ್ನು ನೋಡುವವರ ಹಾಗೆ ಇಬ್ಬರೂ ಬಗ್ಗಿ ನೋಡಿದರು.

ಮೇ ತಿಂಗಳ ಆ ಬೆಳಿಗ್ಗೆ ನಾರ್ಬರ್ಟ್ ಅವಳನ್ನು ಗೇಟಿನಲ್ಲಿ ಇಳಿಸಿ ಗಾಡಿಯಲ್ಲೇ ಕೂತ. ಸಭೆಯ ಮಾತುಗಳು ಅವಳ ಕಿವಿಗೆ ಬೀಳಲಿಲ್ಲ, ಪೈ ರುಚಿಸಲಿಲ್ಲ. ಆಮೇಲೆ ತಲೆಗೆ ಹೆಲ್ಮೆಟ್ ಹಾಕಿಸಿ ಎಲ್ಲರನ್ನೂ ಎರಕದ ಮನೆಯ ಕಟಕಟೆಯ ಹಿಂದೆ ನಿಲ್ಲಿಸಿದರು.

ಕರಗಿದ ಕಬ್ಬಿಣ ಕೆಂಪಗಿರುತ್ತದೆ ಎಂದುಕೊಂಡಿದ್ದಳು. ಕೆಂಪಲ್ಲ. ದಿಟ್ಟಿಸಲಾಗದಷ್ಟು ಬೆಳ್ಳಗೆ, ಹಾಲಿನಷ್ಟು ಸಲೀಸಾಗಿ ದೊಡ್ಡದೊಂದು ಬಕೆಟ್ಟಿನಿಂದ ಅಚ್ಚಿಗೆ ಇಳಿಯುತ್ತಿತ್ತು. ಕಿಡಿಗಳು ಮಾಡಿನವರೆಗೆ ಎದ್ದು ಉದುರಿದವು. ನಲವತ್ತು ಅಡಿ ದೂರದಲ್ಲೂ ಕೆನ್ನೆ ಸುಡುತ್ತಿತ್ತು. ಬಕೆಟ್ಟಿನ ಮಗ್ಗುಲಲ್ಲೇ ಒಬ್ಬ ನಿಂತಿದ್ದ, ಕೈಯಳತೆಯಲ್ಲಿ, ಅದನ್ನು ಬಾಗಿಸುವ ಚಕ್ರ ತಿರುಗಿಸುತ್ತ. ನಾರ್ಬರ್ಟ್ ನಿಲ್ಲುತ್ತಿದ್ದದ್ದು ಅಲ್ಲೇ. ಇಂಥದ್ದರ ಎದುರು ಮೂವತ್ತೊಂದು ವರ್ಷ ನಿಂತು, ಸಂಜೆ ಮನೆಗೆ ಬಂದು, ‘ಇವತ್ತು ಊಟಕ್ಕೇನು?’ ಎಂದು ಕೇಳುತ್ತಿದ್ದನಲ್ಲ ಈ ಮನುಷ್ಯ! ಆರ್ಡಿಸ್‌ಳ ಕಣ್ಣು ತುಂಬಿ ಬಂತು. ಪಕ್ಕದ ಷೇರುದಾರ ಹೊಗೆ ಹೊಕ್ಕಿತೆಂದುಕೊಂಡು ಕರವಸ್ತ್ರ ಕೊಟ್ಟ.

ಗಾಡಿ ಹತ್ತಿದಾಗ ನಾರ್ಬರ್ಟ್ ಕೇಳಿದ, “ಏನು, ಪೈ ಚೆನ್ನಾಗಿತ್ತಾ?”

 ಅವಳು ಸುಟ್ಟ ಮರಳಿನ ವಾಸನೆ ಹತ್ತಿದ್ದ ತನ್ನ ಕೋಟಿನ ತೋಳನ್ನು ಅವನ ಮೂಗಿನ ಹತ್ತಿರ ಹಿಡಿದಳು.

ನಾರ್ಬರ್ಟ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಆಮೇಲೆ ಬಹಳ ಹೊತ್ತು ಅವನು ಗಾಡಿ ಚಾಲೂ ಮಾಡಲಿಲ್ಲ.