ಹೊಸಬರು ಮೊದಲು ಮಾತಾಡಬೇಕು

ಮೀಟಿಂಗು ನಾಲ್ಕಕ್ಕೆ. ಗಡಿಯಾರ ಇನ್ನೂ ಎರಡೂವರೆ ತೋರಿಸುತ್ತಿತ್ತು. ಅಷ್ಟರಲ್ಲೇ ನಾನು ಮೂರು ಸಲ ನೀರು ಕುಡಿದು, ನಾಲ್ಕು ಸಲ ಕೈ ತೊಳೆದು ಬಂದಿದ್ದೆ.

"ಏನೇ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ? ಒಂದು ಕಡೆ ಕೂತ್ಕೋ," ಎಂದಳು ಪ್ಯಾಕಿಂಗ್ ಅಕ್ಕ, ಹಲ್ಲಿನಲ್ಲಿ ಟೇಪು ಕಡಿಯುತ್ತ.

ನಮ್ಮದು ಔಷಧಿ ಗೋದಾಮು. ಡಿಗ್ರಿ ಮುಗಿಸಿದ ನಾನು ಇಲ್ಲಿನ ರವಾನೆ ಮೇಜಿಗೆ ಸೇರಿ ಎರಡು ತಿಂಗಳಾಗಿತ್ತು. ಆ ಬೆಳಿಗ್ಗೆ ಇನ್ಸುಲಿನ್ ಪೆಟ್ಟಿಗೆಗಳು ವ್ಯಾನು ಹತ್ತಿ ಹೊರಟುಹೋದ ಮೇಲೆ, ಒಳಗಿಟ್ಟ ಐಸ್ ಪ್ಯಾಕುಗಳು ಸರಿಯಾಗಿ ಗಟ್ಟಿಯಾಗಿಲ್ಲವೆಂದು ಅಕ್ಕನಿಗೆ ಗೊತ್ತಾಯಿತು. "ವಾಪಸು ಬರೋಕೆ ಮಾಮನಿಗೆ ಫೋನ್ ಮಾಡು," ಎಂದಳು. ಮಾಮ ನಮ್ಮ ಡ್ರೈವರ್, ಗೋದಾಮಿಗೆಲ್ಲ ಮಾಮ.

ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಭಯ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಸಲ ಉರು ಹೊಡೆದೆ. ಕೊನೆಗೆ ಮೆಸೇಜ್ ಕಳಿಸಿ, ರಿಜಿಸ್ಟರಿನಲ್ಲಿ 'ಡ್ರೈವರಿಗೆ ತಿಳಿಸಲಾಗಿದೆ' ಎಂದು ಬರೆದೆ. ಮಾಮ ಸ್ಟಿಯರಿಂಗ್ ಹಿಡಿದ ಮೇಲೆ ಮೆಸೇಜ್ ನೋಡುವವರಲ್ಲ; ರಿಂಗಾದರೆ ಮಾತ್ರ ಪಕ್ಕಕ್ಕೆ ನಿಲ್ಲಿಸಿ ಎತ್ತುತ್ತಾರೆ. ಹನ್ನೊಂದು ಕ್ಲಿನಿಕ್ಕುಗಳ ಇನ್ಸುಲಿನ್ ಬಿಸಿಯಾಗಿ, ಕೆಲಸಕ್ಕೆ ಬಾರದೆ ಹಿಂದಕ್ಕೆ ಬಂತು.

ಮಾಲೀಕರು ರಿಜಿಸ್ಟರ್ ಓದಿ ಕೆಂಡವಾದರು. "ತಿಳಿಸಿದ್ರೂ ನಿಲ್ಲಿಸಿಲ್ಲ ಇವನು! ಇವತ್ತೇ ಮನೆಗೆ ಕಳಿಸಿ."

"ಯಾರೂ ನಂಗೆ ಫೋನ್ ಮಾಡ್ಲಿಲ್ಲ ಸ್ವಾಮಿ," ಎಂದರು ಮಾಮ.

"ಹಾಗಾದ್ರೆ ಇಲ್ಲಿ ಬರೆದಿರೋದು ಸುಳ್ಳಾ?"

ನಾನು ನಾಲ್ಕು ಹೆಜ್ಜೆ ದೂರದಲ್ಲೇ ಇದ್ದೆ. ತುಟಿ ಪಿಟಕ್ಕೆನ್ನಲಿಲ್ಲ.

"ಮೊದಲು ಮೀಟಿಂಗ್ ಆಗ್ಲಿ ಸರ್," ಎಂದರು ಕ್ಯಾಪ್ಟನ್.

ಕ್ಯಾಪ್ಟನ್ ನಮ್ಮ ಮ್ಯಾನೇಜರು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವರು. ಯಾವ ಎಡವಟ್ಟಾದರೂ ಲೋಡಿಂಗ್ ಕಟ್ಟೆಯ ಮೇಲೆ ಎಲ್ಲರೂ ಸುತ್ತ ನಿಲ್ಲಬೇಕು. ಏನಾಗಬೇಕಿತ್ತು, ಏನಾಯ್ತು, ಅದರಲ್ಲಿ ನಾನೇನು ಮಾಡಿದೆ, ಇಷ್ಟನ್ನೇ ಹೇಳಬೇಕು. ಇನ್ನೊಬ್ಬರ ತಪ್ಪು ಎತ್ತುವ ಹಾಗಿಲ್ಲ. ಎಲ್ಲರಿಗಿಂತ ಹೊಸಬರು ಮೊದಲು, ಕ್ಯಾಪ್ಟನ್ ಕೊನೆಗೆ. "ದೊಡ್ಡವರು ಮೊದಲು ಬಾಯಿ ಬಿಟ್ರೆ ಚಿಕ್ಕವರು ಬರೀ ತಲೆ ಆಡಿಸ್ತಾರೆ. ಹಾಗೆ ತಲೆ ಆಡಿಸಿಯೇ ಒಂದ್ಸಲ ನಮ್ಮ ತುಕಡಿ ಪೂರ್ತಿ ದಾರಿ ತಪ್ಪಿತ್ತು," ಎಂದಿದ್ದರು.

ಎಲ್ಲರಿಗಿಂತ ಹೊಸಬಳು ನಾನೇ. ಹಿಂದಿನ ಮೀಟಿಂಗುಗಳಲ್ಲೆಲ್ಲ 'ನನ್ನ ಕಡೆಯಿಂದ ಎಲ್ಲ ಸರಿಯಿತ್ತು' ಎಂದು ನುಣುಚಿಕೊಂಡಿದ್ದೆ. ಇವತ್ತೂ ಅದೇ ಸಾಲು ಸಾಕು. ರಿಜಿಸ್ಟರ್ ನನ್ನ ಕಡೆಗಿದೆ. ಕಿಟಕಿಯಾಚೆ ಮಾಮ ವ್ಯಾನಿನೊಳಗಿಂದ ತಮ್ಮ ಟವೆಲು, ನೀರಿನ ಬಾಟಲಿ, ಹಳೇ ಕನ್ನಡಕ ತೆಗೆದು ಚೀಲಕ್ಕೆ ಹಾಕುತ್ತಿದ್ದರು. ನಾನು ಐದನೇ ಸಲ ಕೈ ತೊಳೆಯಲು ಹೋದೆ.

ನಾಲ್ಕಾಯಿತು. ಎಲ್ಲರೂ ಕಟ್ಟೆಯ ಮೇಲೆ ಸುತ್ತ ನಿಂತೆವು.

"ಹೇಳಮ್ಮ," ಎಂದರು ಕ್ಯಾಪ್ಟನ್.

"ಮಾಮನಿಗೆ ಫೋನ್ ಮಾಡ್ಬೇಕಿತ್ತು. ಮಾಡ್ಲಿಲ್ಲ. ಮೆಸೇಜ್ ಹಾಕ್ದೆ. ತಿಳಿಸಿದೀನಿ ಅಂತ ಬರೆದ್ಬಿಟ್ಟೆ. ಮಾಲೀಕರು ಕೇಳ್ದಾಗ್ಲೂ ಸುಮ್ನಿದ್ದೆ."

"ಏನು?" ಮಾಲೀಕರು ಮುಂದೆ ಬಂದರು.

"ಸರ್, ನಿಮ್ಮ ಸರದಿ ಇನ್ನೂ ಬಂದಿಲ್ಲ," ಎಂದರು ಕ್ಯಾಪ್ಟನ್.

ಅಕ್ಕ ಐಸ್ ಪ್ಯಾಕು ಮುಟ್ಟಿ ನೋಡದೆ ತುಂಬಿದ್ದನ್ನು ಹೇಳಿದಳು. ಮಾಮ ನನ್ನನ್ನು ನೋಡಲೂ ಇಲ್ಲ. "ಹೊರಡೋ ಮುಂಚೆ ಐಸ್ ಗಟ್ಟಿಯಾಗಿದ್ಯಾ ಅಂತ ನಾನೂ ಒಂದು ಮಾತು ಕೇಳ್ಬೇಕಿತ್ತು," ಎಂದಷ್ಟೇ ಹೇಳಿದರು.

ಮಾಲೀಕರ ಸರದಿ ಬಂತು. "ಸರಿ, ಡ್ರೈವರ್ ಇರ್ಲಿ. ಹಾಗಾದ್ರೆ ಈ ಹುಡುಗಿಯನ್ನ ಕಳಿಸಿ."

"ಇವಳಿಗೆ ಫೋನ್ ಅಂದ್ರೆ ಭಯ ಅಂತ ನಂಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು," ಎಂದರು ಕ್ಯಾಪ್ಟನ್. "ಗೊತ್ತಿದ್ದೂ ಫೋನ್ ಮೇಜಿಗೇ ಕೂರಿಸ್ದೆ, ಕಲಿಸ್ಲಿಲ್ಲ. ಅದು ನನ್ನ ತಪ್ಪು. ಎಚ್ಚರಿಕೆ ಪತ್ರ ನನ್ನ ಹೆಸರಿಗೆ ಬರಲಿ."

"ಬರತ್ತೆ, ಬರತ್ತೆ," ಎನ್ನುತ್ತ ಮಾಲೀಕರು ಧಡಧಡ ಮೆಟ್ಟಿಲಿಳಿದು ಹೋದರು.

ನನಗೆ ಹಗುರವೇನೂ ಆಗಲಿಲ್ಲ. ಬೈಸಿಕೊಂಡಿದ್ದರೆ ಅಳಬಹುದಿತ್ತು. ಮಾಮನ ಹತ್ತಿರ ಹೋಗಿ ನಿಂತೆ.

"ಈಗ ಬೇಡ ಮಗಳೇ. ಹೊಟ್ಟೆ ಇನ್ನೂ ಉರೀತಿದೆ," ಎಂದು ಅವರು ಚೀಲ ಹಿಡಿದು ವ್ಯಾನಿನ ಕಡೆ ನಡೆದರು.

ನಾನು ಮೇಜಿಗೆ ಮರಳಿದಾಗ ಕ್ಯಾಪ್ಟನ್ ನನ್ನ ಮುಂದೆ ಕ್ಲಿನಿಕ್ಕುಗಳ ಪಟ್ಟಿ ಇಟ್ಟರು. "ಹನ್ನೊಂದು ಕಡೆ ಹೇಳ್ಬೇಕು, ಇನ್ಸುಲಿನ್ ನಾಳೆ ಬೆಳಿಗ್ಗೆ ಅಂತ. ಬೈತಾರೆ. ನಾನು ಪಕ್ಕದಲ್ಲೇ ಕೂತಿರ್ತೀನಿ, ಮಾತಾಡೋದು ನೀನು."

ಉರು ಹೊಡೆಯಲು ಹೊತ್ತಿರಲಿಲ್ಲ. ಮೊದಲ ನಂಬರ್ ಒತ್ತಿದೆ.

"ಯಾರ್ರೀ? ಬೆಳಿಗ್ಗೆಯಿಂದ ಕಾಯ್ತಿದೀವಿ!"

"ಗೋದಾಮಿನಿಂದ ಮಾತಾಡ್ತಿದೀನಿ," ಎಂದೆ. "ತಡ ಆಗಿದ್ದು ನನ್ನಿಂದ. ಹೇಳ್ತೀನಿ, ಕೇಳಿ."